ಜಾರಲೇಬೇಕೆಂಬ ನನ್ನ ಸರ್ಕ್ಯುಲರ್

ಅರ್ಧ ಓದಿದ ಪುಸ್ತಕದ ಬಗ್ಗೆ ಪೂರ್ತಿ ಮಾತಾಡುವ ಚಟ ನನಗೆ ಮೊದಲಿನಿಂದಲೂ ಇದೆ. ಧಾರವಾಡದಲ್ಲಿ ಅದರ ಬಲದಿಂದಲೇ ಪರೀಕ್ಷೆಗಳು ಪಾಸಾದವು, ಮದುವೆಯೂ ಆಯಿತು. ಸಿಕ್ಕಿಬಿದ್ದದ್ದು ಮುಂಬಯಿಯಲ್ಲಿ, ಅದೂ ನಮ್ಮ ಏಳು ತಲೆಮಾರಿನಲ್ಲಿ ಯಾರೂ ಕಂಡಿರದ ಬೇಸ್‌ಬಾಲ್ ಎಂಬ ಆಟದಲ್ಲಿ.

ಎಪ್ಪತ್ತರ ದಶಕದ ಮಾತು. ಬಾಂದ್ರಾದ ನಮ್ಮ ಆಫೀಸಿನ ಸಾಹೇಬರು ಟ್ರೇನಿಂಗಿಗೆಂದು ಅಮೆರಿಕಕ್ಕೆ ಹೋದವರು ಬ್ಯಾಟು, ಚೆಂಡು, ನಿಯಮಗಳ ಒಂದು ದಪ್ಪ ಪುಸ್ತಕ ತಂದರು. ಭಾನುವಾರ ಬೆಳಿಗ್ಗೆ ಸಾಂತಾಕ್ರೂಜ್‌ನ ಮೈದಾನದಲ್ಲಿ ಆಟ. ಚೆಂಡು ಹೊಡೆದವನು ನಾಲ್ಕು ಮೂಲೆಯ ಬೇಸುಗಳನ್ನು ಮುಟ್ಟುತ್ತ ಓಡಿಬರಬೇಕು. ನಡುವೆ ಎದುರಾಳಿ ಚೆಂಡು ಹಿಡಿದು ಅವನನ್ನು ಮುಟ್ಟಿದರೆ ಔಟ್. ಸಾಹೇಬರು ನನ್ನ ಹೊಟ್ಟೆಯ ಸುತ್ತಳತೆ ನೋಡಿ ನನ್ನನ್ನು ಅಂಪೈರ್ ಮಾಡಿದರು. ಪುಸ್ತಕ ಕೊಟ್ಟು, "ನಿಯಮ ಟೈಪ್ ಮಾಡಿ ಹಾಕಿ" ಅಂದರು. ಮೊದಲ ಭಾನುವಾರ ಉದ್ಘಾಟನೆ ಮಾಡಿ ಹೋದವರು ಮತ್ತೆ ಮೈದಾನದ ಕಡೆ ತಲೆ ಹಾಕಲಿಲ್ಲ.

ಹತ್ತು ಪುಟ ಓದಿದೆ. ಆಮೇಲೆ ಬರೀ ಚಿತ್ರ ನೋಡಿದೆ. ಯಾವ ಚಿತ್ರ ನೋಡಿದರೂ ಬೇಸಿಗೆ ಬರುವವನು ಧೂಳೆಬ್ಬಿಸಿಕೊಂಡು ನೆಲದ ಮೇಲೆ ಜಾರುತ್ತಿದ್ದ. ಇಷ್ಟು ಜನ ಸುಮ್ಮಸುಮ್ಮನೆ ಪ್ಯಾಂಟು ಕೆಡಿಸಿಕೊಳ್ಳುವುದುಂಟೇ? ಓಟಗಾರನು ಜಾರಿಯೇ ಬೇಸ್ ಮುಟ್ಟತಕ್ಕದ್ದು, ತಪ್ಪಿದಲ್ಲಿ ಔಟ್ ಎಂದು ಸರ್ಕ್ಯುಲರ್ ಟೈಪ್ ಮಾಡಿದೆ. ಸಾಹೇಬರು ಎಂದಿನಂತೆ ಓದದೆ ಸಹಿ ಹಾಕಿದರು. ಸಹಿ ಬಿದ್ದು ನೋಟೀಸ್ ಬೋರ್ಡಿಗೇರಿದ ಸರ್ಕ್ಯುಲರನ್ನು ಪ್ರಶ್ನಿಸುವ ಗಂಡು ನಮ್ಮ ಆಫೀಸಿನಲ್ಲಿ ಹುಟ್ಟಿರಲಿಲ್ಲ. ತಲೆ ಮುಂದೆ ಮಾಡಿ ಜಾರಿದರೆ ಔಟಂತೆ ಹೌದೇ ಎಂದು ಒಬ್ಬ ಕೇಳಿದ. ಮೊದಲ ಬೇಸಿಗೆ ಜಾರಲೇಬಾರದಂತೆ ಎಂದು ಇನ್ನೊಬ್ಬ. ಇಬ್ಬರಿಗೂ ಹೌದು ಅಂದೆ. ಗೊತ್ತಿಲ್ಲ ಅನ್ನುವವನು ಅಂಪೈರ್ ಹೇಗಾದಾನು? ಜಾರುವುದು ಹೇಗೆಂದು ತೋರಿಸಲು ಹೋಗಿ ನನ್ನ ಹೊಸ ಟೆರಿಲೀನ್ ಪ್ಯಾಂಟು ಸೀಟಿನಲ್ಲಿ ಹರಿಯಿತು. ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, "ಅಲ್ರೀ, ಆಡಾವ್ರು ಅವ್ರು, ಹರಿಯೂದು ನಿಮ್ಮ ಪ್ಯಾಂಟ?" ಅಂದಳು.

ಕೊನೆಗೆ ಕಪ್ಪಿನ ಆಟ ಬಂತು. ಗೆಲ್ಲಲು ಒಂದು ಓಟ ಬೇಕಿತ್ತು. ಓಡಿಬಂದವನು ನಮ್ಮ ಕ್ಯಾಂಟೀನಿನ ಶೆಟ್ಟಿ, ಉಡುಪಿ ಕಡೆಯ ಹುರಿಯಾಳು. ಎದುರಾಳಿ ಚೆಂಡು ಹಿಡಿದು ಕಾದಿದ್ದ. ಶೆಟ್ಟಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅವನ ಕೈಗೆ ಸಿಗದೆ, ನಿಂತೇ ಕೊನೆಯ ಬೇಸ್ ಮುಟ್ಟಿದ.

"ಔಟ್! ಜಾರಲಿಲ್ಲ," ಅಂದೆ.

"ಅವ ನನ್ನನ್ನು ಮುಟ್ಟಲೇ ಇಲ್ಲ ಅಲ್ವಾ ರಾಯರೇ? ಇದು ಮಾವನ ಪ್ಯಾಂಟ್, ಸಂಜೆ ಹುಡುಗಿ ನೋಡ್ಲಿಕ್ಕೆ ಹೋಗ್ಲಿಕ್ಕುಂಟು."

"ಸರ್ಕ್ಯುಲರ್ ಓದಿಲ್ಲವೇನಯ್ಯಾ?"

ಕಪ್ ಹಿಡಿದುಕೊಂಡು ಹೆಣ್ಣಿನ ಮನೆಗೆ ಹೋಗಬೇಕೆಂದಿದ್ದವನು ಬರಿಗೈಯಲ್ಲಿ ಹೋದ. ಸೋಮವಾರದಿಂದ ನನ್ನ ಮೇಜಿಗೆ ಕಾಫಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ನನಗೂ ಸಿಟ್ಟು. ಅವನ ಮುಖಕ್ಕೆ ಹಿಡಿಯೋಣವೆಂದು ಪುಸ್ತಕ ತೆಗೆದು ಓದಿದೆ. ಜಾರಲೇಬೇಕೆಂದು ಎಲ್ಲೂ ಇರಲಿಲ್ಲ! ಜಾರುವವನು ಸರಿಯಾಗಿ ಜಾರಬೇಕು, ಜಾರದವನು ಎದುರಿನವನಿಗೆ ಡಿಕ್ಕಿ ಹೊಡೆಯಬಾರದು, ಅಷ್ಟೇ. ತಲೆಯ ಮಾತೂ ಸುಳ್ಳು, ಮೊದಲ ಬೇಸಿನ ಮಾತೂ ಸುಳ್ಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಮನೆಯಲ್ಲಿ ಹೇಳಿದರೆ, "ಹೋಗಿ ತಪ್ಪಾತು ಅನ್ರಿ. ಬಾಯಿ ಸವೀತದೇನು?" ಎಂಬ ಉತ್ತರ ಬಂತು.

ಯಾರೂ ಇಲ್ಲದ ಹೊತ್ತು ನೋಡಿ ಮರುದಿನ ಮೂರು ಗಂಟೆಗೆ ಕ್ಯಾಂಟೀನಿಗೆ ಹೋದೆ. ನೆಲ ಆಗಷ್ಟೇ ಒರೆಸಿದ್ದರು. ಒಳಗೆ ಕಾಲಿಟ್ಟವನು ಒಂದು ಕಾಲು ಮುಂದೆ ಚಾಚಿ, ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ, ಸೀದಾ ಶೆಟ್ಟಿಯ ಕೌಂಟರಿನವರೆಗೆ ಜಾರಿದೆ. ಕೂತಲ್ಲಿಂದಲೇ ಎಲ್ಲ ಒಪ್ಪಿಕೊಂಡೆ.

"ಅದು ನನಗೆ ಗೊತ್ತುಂಟು," ಶೆಟ್ಟಿ ನನ್ನನ್ನು ಎತ್ತುತ್ತ ಅಂದ. "ಸಾಹೇಬರಿಗೆ ಟೀ ಕೊಡುವಾಗ ಸೋಮವಾರವೇ ಕೇಳಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವೇ ಬಂದು ಹೇಳ್ತೀರಿ ಅಂತ ಕಾಯ್ತಾ ಇದ್ದೆ ಮಾರಾಯ್ರೆ. ಆದ್ರೆ ನಡ್ಕೊಂಡೇ ಬರ್ಬಹುದಿತ್ತು."

"ಹುಡುಗಿ?"

"ಒಪ್ಪಿದ್ದಾಳೆ. ಪ್ಯಾಂಟ್ ಚೊಕ್ಕ ಇತ್ತಲ್ಲ!"

ಅಂದೇ ಹೊಸ ಸರ್ಕ್ಯುಲರ್ ಟೈಪ್ ಮಾಡಿದೆ. ಸಾಹೇಬರು ಅದಕ್ಕೂ ಓದದೆ ಸಹಿ ಹಾಕಿದರು. ಮುಂದಿನ ಭಾನುವಾರ ಎಲ್ಲರೂ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ನಿಂತೇ ಓಡಿಬಂದರು. ತೇಪೆ ಹಾಕಿದ ಪ್ಯಾಂಟಿನಲ್ಲಿ ಬಂದವನು ಅಂಪೈರ್ ಒಬ್ಬನೇ.