ಗೆಳೆಯನ ತಲೆ ಸುತ್ತ ಬಂಗಾರದ ಬೆಳಕು

ನಮ್ಮ ಚನ್ನಗಿರಿಯಲ್ಲಿ ಇಬ್ಬರು ಸುಮ್ಮನೆ ಕಣ್ಣು ಮುಚ್ಚಿ ಕೂತರೂ ಸಾಕು, ಮೂರನೆಯವನ ಹೊಟ್ಟೆ ಉರಿಯುತ್ತೆ. ಆ ಮೂರನೆಯವನು ಯಾವಾಗಲೂ ನಾನೇ.

ಬಣ್ಣ

ರಿಟೈರಾದ ವಿಜ್ಞಾನದ ಮೇಷ್ಟ್ರೊಬ್ಬರು ತಮ್ಮ ಮನೆ ಮಹಡಿ ಮೇಲೆ ಭಾನುವಾರ ಒಂದು ಕೂಟ ನಡೆಸುತ್ತಾರೆ. ಗೀತೆ, ಕುರಾನು, ಬೈಬಲ್ಲು, ಬುದ್ಧನ ಮಾತು, ವಚನ, ಮೇಲೆ ಒಂದಿಷ್ಟು ಅಣುವಿಜ್ಞಾನ. ಎಲ್ಲದರ ತಿರುಳೂ ಒಂದೇ ಅಂತ ಅವರ ವಾದ. ನನ್ನ ಜೊತೆ ಎಸ್ಸೆಸ್ಸೆಲ್ಸಿ ಫೇಲಾಗಿ, ನನ್ನ ಜೊತೆಗೇ ಊರೆಲ್ಲ ಕೀಟಲೆ ಮಾಡಿಕೊಂಡಿದ್ದ ಗೆಳೆಯ, ಅಲ್ಲಿ ಕೊಡೋ ಮಂಡಕ್ಕಿ ಮಿರ್ಚಿಗೆ ಅಂತ ಹೋದವನು ಅಲ್ಲೇ ಉಳಿದುಬಿಟ್ಟ. ಅವನನ್ನ ವಾಪಸ್ ಎಳಕೊಂಡು ಬರಾಕೆ ನಾನೂ ಹೋದೆ.

ಮೇಷ್ಟ್ರು ಒಬ್ಬೊಬ್ಬರ ತಲೆ ಸುತ್ತ ಇರೋ ಬೆಳಕಿನ ಬಣ್ಣ ಹೇಳ್ತಾರೆ. ಅವನದು ಬಂಗಾರ. ನನ್ನದನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ನಿಂದು ಇನ್ನೂ ಹೊತ್ತಿಲ್ಲಪ್ಪ."

ಗೆಳೆಯ ಕಿವಿಯಲ್ಲಿ ಸಮಾಧಾನ ಹೇಳಿದ: "ಬೇಜಾರಾಗ್ಬೇಡಲೇ, ಲೋಡ್ ಶೆಡ್ಡಿಂಗ್ ಇರ್ಬೇಕು."

ಸೂಜಿ

ಮೇಷ್ಟ್ರು ಹೇಳೋ ಪ್ರಾಣಶಕ್ತಿಗೆ ವಿಜ್ಞಾನದ ಪುರಾವೆ ಬೇಕಲ್ಲ? ದಿಕ್ಸೂಚಿಯನ್ನ ಮೇಜಿನ ಮೇಲೆ ಎಲ್ಲರ ಮುಂದೂ ಸರಿಸುತ್ತಾರೆ. ಯಾರ ಅಂಗೈ ಕೆಳಗೆ ಸೂಜಿ ತಿರುಗುತ್ತೋ ಅವರು ಶಕ್ತಿವಂತರು. ಒಂದು ಭಾನುವಾರ ನಾನು ಮುಂಚೆಯೇ ಹೋಗಿ ನನ್ನ ಜಾಗದ ಮೇಜಿನಡಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಅಂಟಿಸಿದೆ. ಆದರೆ ಆ ಕೂಟದಲ್ಲಿ ಒಂದು ರೂಢಿ ಐತೆ: ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಎದ್ದು ಜಾಗ ಬದಲಿಸಬೇಕು, ಯಾವ ಜಾಗವನ್ನೂ ನಂದು ಅನ್ನಬಾರದು. ಅವಸರದಲ್ಲಿ ಅದು ಮರೆತೇ ಹೋಗಿತ್ತು. ನನ್ನ ಕುರ್ಚಿಗೆ ಗೆಳೆಯ ಬಂದ. ಸೂಜಿ ಗಿರ್ರನೆ ತಿರುಗಿತು. ಹೊನ್ನಾಳಿಯಿಂದ ಬಂದಿದ್ದ ಅಮ್ಮನೊಬ್ಬರು ಅವನ ಕಾಲಿಗೇ ಬಿದ್ದರು. ಎಲ್ಲರೂ ಕೈ ಮುಗಿದರು. ನಾನೊಬ್ಬನೇ ಮುಗಿಯದಿದ್ದರೆ ಅನುಮಾನ ಬರುತ್ತೆ ಅಂತ ನಾನೂ ಮುಗಿದೆ.

ಮನಸ್ಸು

ಇಷ್ಟಾದ ಮೇಲೆ ಊರಲ್ಲಿ ನನ್ನ ಜೋಕಿಗೆ ನಗೋರೇ ಇಲ್ಲ. ಅವನು ಕೆಮ್ಮಿದರೂ ಅರ್ಥ ಹುಡುಕ್ತಾರೆ. ಸಾಲದ್ದಕ್ಕೆ, ಬೇರೆಯವರ ಮನಸ್ಸನ್ನೂ ಓದ್ತಾನೆ ಅಂತ ಸುದ್ದಿ ಹಬ್ಬಿತು.

"ನಂದು ಓದ್ಲಿ, ನೋಡಾನ" ಅಂತ ಎದುರಿಗೆ ಕೂತೆ. ಏನು ಹೇಳಿದರೂ "ತಪ್ಪು" ಅಂದುಬಿಟ್ಟರೆ ಆಯ್ತು, ಅವನ ಅಂಗಡಿ ಬಂದ್, ನನ್ನ ಗೆಳೆಯ ನಂಗೆ ವಾಪಸ್.

ಅವನು ಹಣೆ ಗಂಟು ಹಾಕಿ ಹೇಳಿದ: "ಸಾರ್, ನಾನೇನೇ ಹೇಳಿದ್ರೂ ತಪ್ಪು ಅನ್ಬೇಕು ಅಂತ ಇವ್ನು ಕುಂತಾನೆ."

"ತಪ್ಪು!" ಅಂದೆ.

ಕೂಟವೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ನನ್ನ ಭುಜ ಹಿಡಿದು, "ಇಷ್ಟು ಸಲೀಸಾಗಿ ಓದಾಕೆ ಬರೋ ಮನಸ್ಸು ನಾನು ಕಂಡೇ ಇಲ್ಲ. ನ್ಯಾಮತಿಗೂ ಜಗಳೂರಿಗೂ ಪ್ರಯೋಗ ತೋರಿಸಾಕೆ ಇಬ್ರೂ ಬರ್ರಪ್ಪ" ಅಂದರು.

ಹಿಂಗೆ ನಮ್ಮ ಜೋಡಿ ಮತ್ತೆ ಒಂದಾಯಿತು. ಜಗಳೂರು ಬಸ್ಸಲ್ಲಿ ಅವನು ಕಿಟಕಿ ಪಕ್ಕ, ನಾನು ಅವನ ಪಕ್ಕ. ನನ್ನ ಕಡೆ ತಿರುಗಿ ಕೇಳಿದ: "ಕಿಟಕಿ ಸೀಟು ಬೇಕು ಅಂತ ನಿನ್ನ ಮನಸ್ಸಲ್ಲೈತೆ, ಹೌದೇನಲೇ?"

"ಹೌದು ಕಣಲೇ, ಹೌದು!"

"ನೋಡ್ದಾ, ಸರಿಯಾಗಿ ಓದ್ದೆ" ಅಂದವನೇ ಕಿಟಕಿಗೆ ತಲೆ ಕೊಟ್ಟು ಗೊರಕೆ ಹೊಡೆಯಾಕೆ ಶುರು ಮಾಡಿದ.