ನಡುಹಗಲಿನ ತಣ್ಣೀರು ಸ್ನಾನ

ನನ್ನ ಹೆಂಡತಿಯ ತಮ್ಮ ಒಂಟಿಕೊಪ್ಪಲಿನ ನಮ್ಮ ಬಚ್ಚಲಲ್ಲಿ ನಾಲ್ಕು ಸಲ ಸಾವಿನ ಸ್ನಾನ ಮಾಡಿದ್ದಾನೆ. ನಾಲ್ಕು ಸಲವೂ ಯಾರೂ ಸತ್ತಿರಲಿಲ್ಲ. ಇಂಥ ಭಾವಮೈದುನ ನಿಮಗಿದ್ದಾನೆಯೇ? ಇಲ್ಲದಿದ್ದರೆ ನೀವು ಪುಣ್ಯವಂತರು, ಆದರೆ ಒಂದು ವಿದ್ಯೆ ನಿಮಗೆ ತಪ್ಪಿಹೋಗಿದೆ.

ಮೊದಲ ಸ್ನಾನ ತೊಂಬತ್ತರ ದಶಕದ ಕೊನೆಯ ಒಂದು ಬುಧವಾರ. ಸಿದ್ಧಾರ್ಥನಗರದ ಒಂದು ಮಹಡಿಯ ಮೇಲೆ ಅವನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದ. ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರ್ ನಿಲ್ಲಿಸಿ, ಹೊಸ್ತಿಲು ದಾಟದೆ ನಿಂತು, “ಅಕ್ಕ, ತಣ್ಣೀರು ಹಿಡಿದಿಡು. ತಲೆಗೆ ಹಾಕ್ಕೋಬೇಕು” ಎಂದ. ನಮ್ಮವರಲ್ಲಿ ನಡುಹಗಲು ತಲೆಗೆ ತಣ್ಣೀರು ಬೀಳುವುದು ಸಾವಿನ ಸುದ್ದಿ ಕೇಳಿದಾಗ ಮಾತ್ರ. ನನ್ನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಯಾರು ಹೋದ್ರೋ?”

“ಎಂಟು ತಿಂಗಳದ್ದು ಅಕ್ಕ. ನಿನ್ನೆ ತಾನೇ ನಡೆಯೋಕೆ ಶುರು ಮಾಡಿತ್ತು.”

ಅವಳು ಬಂಧುಬಳಗದ ಕೂಸುಗಳನ್ನೆಲ್ಲ ನೆನೆದು ಅತ್ತಳು. ತೀರಿಹೋದದ್ದು ಒಂದು ಪ್ರೋಗ್ರಾಂ ಎಂಬುದು ಮೂರನೆಯ ಚೊಂಬು ಸುರಿದ ಮೇಲೆ ತಿಳಿಯಿತು. ಯಾವುದೋ ನರ್ಸಿಂಗ್ ಹೋಮಿನ ರೋಗಿಗಳು ದಿನವಿಡೀ ಬೆಂಚಿನ ಮೇಲೆ ಕೊರಗಬಾರದೆಂದು ಸರದಿಯ ಚೀಟಿ ಕೊಡುವ ಪ್ರೋಗ್ರಾಂ, ಅದನ್ನು ನರ್ಸಿಂಗ್ ಹೋಮಿನ ಮಾಲೀಕರು ಈಗ ಬೇಡವೆಂದಿದ್ದರು. ಅವಳು ಒದ್ದೆ ಟವಲಿನಿಂದಲೇ ಅವನ ಬೆನ್ನಿಗೆ ಬಾರಿಸಿದಳು.

“ಸುಮ್ಮಸುಮ್ಮನೆ ಅಳಿಸಿಬುಟ್ಟಲ್ಲೋ ಮುಠ್ಠಾಳ.”

“ನಾನೂ ಅತ್ತೆ ಕಣಕ್ಕ, ದಾರೀಲಿ. ಹೆಲ್ಮೆಟ್ ಇತ್ತು, ಕಾಣ್ಲಿಲ್ಲ.”

ಕಂಪ್ಯೂಟರಿನವರು ಬದುಕುವುದು ಸಂಬಳಕ್ಕಾಗಿ ಎಂದು ಊರೆಲ್ಲ ಹೇಳುತ್ತಿದ್ದ ಕಾಲ ಅದು. ಪತ್ರಿಕೆಯಲ್ಲೂ ಬಂದಿತ್ತು. ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಮುದ್ರಣಾಲಯದಲ್ಲಿ ನಲವತ್ತು ವರ್ಷ ಅಚ್ಚುಮೊಳೆ ಜೋಡಿಸುತ್ತ ಓದು ಕಲಿತವನು. ಅಚ್ಚಾದದ್ದೆಲ್ಲ ನಿಜವೆಂಬ ಭ್ರಮೆ ಇರಬೇಕಾದರೆ ಅಚ್ಚಿನ ಮನೆಯಿಂದ ದೂರವಿರಬೇಕು. ಹಾಗಾಗಿ ನಾನೇ ವಿಚಾರಣೆಗೆ ಕುಳಿತೆ.

“ಸಂಬಳ ಸರಿಯಾಗಿ ಬರ್ತಿದೆಯೇನಯ್ಯಾ?”

“ಬರ್ತಿದೆ. ಹೋದ ತಿಂಗಳು ಜಾಸ್ತೀನೂ ಮಾಡಿದ್ರು.”

“ಮತ್ತೆ ಈ ಸೂತಕ ಯಾಕೆ?”

“ಭಾವ, ನೀವು ಎಂಟು ತಿಂಗಳು ಮೊಳೆ ಜೋಡಿಸಿದ ಪುಸ್ತಕಾನ ಅಚ್ಚಿಗೇ ಹಾಕ್ದೆ, ಬಿಚ್ಚಿ ಖಾನೆಗೆ ತುಂಬಿಬುಡಿ ಅಂದಿದ್ರೆ, ನಿಮಗೆ ಸಂಬಳ ನೆನಪಾಗ್ತಿತ್ತಾ?”

ನಾನು ವಿಚಾರಣೆ ನಿಲ್ಲಿಸಿ, ಒಣ ಟವಲು ತಂದುಕೊಟ್ಟೆ.

ಎರಡನೆಯ ಸ್ನಾನದ ಕಾರಣ ಅವನು ಹೇಳಲಿಲ್ಲ. ನೀರು ಮಾತ್ರ ಹೆಚ್ಚು ಖರ್ಚಾಯಿತು. ಮೂರನೆಯದಕ್ಕೆ ಕಾರಣ ಮೀಟಿಂಗು. ಕೆಲಸ ಏಕೆ ನಿಧಾನವೆಂದು ಚರ್ಚಿಸಲು ದಿನವೂ ಬೆಳಿಗ್ಗೆ ಎರಡು ಗಂಟೆ ಮೀಟಿಂಗು. ಮೀಟಿಂಗಿನಿಂದಲೇ ನಿಧಾನವೆಂದು ಇವನು ಹೇಳಿದ. ಅದನ್ನು ಚರ್ಚಿಸಲು ಸಂಜೆಗೂ ಒಂದು ಏರ್ಪಾಡಾಯಿತು.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಆ ಪ್ರೋಗ್ರಾಂ ಪೂರ್ತಿಯಾಗಿತ್ತು. ಅಗ್ರಹಾರದ ಔಷಧಿ ಮಳಿಗೆಯೊಂದಕ್ಕೆ ಬರೆದು ಕೊಟ್ಟು, ಆರು ತಿಂಗಳ ಮೇಲೆ ಮಗುವನ್ನು ನೋಡಲು ಹೋಗುವವನಂತೆ ಹೋಗಿದ್ದ. ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿ ಕುಂಕುಮ ಇಟ್ಟಿದ್ದರು. ಅದರ ಪಕ್ಕದಲ್ಲೇ ಗುಮಾಸ್ತ ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದ.

“ಏನೂ ತೊಂದರೆ ಇಲ್ವಾ ಇದರಿಂದ?”

“ಒಂದು ಚೂರೂ ಇಲ್ಲ ಸಾರ್. ಆನ್ ಮಾಡಿದ್ರೆ ತಾನೇ?”

ಆ ದಿನ ತಲೆ ಒರೆಸಿಕೊಳ್ಳದೆಯೇ ಹಜಾರದಲ್ಲಿ ಕುಳಿತ. “ದೂರು ಬಂದ್ರೆ ಯಾರೋ ಬಳಸ್ತಿದಾರೆ ಅಂತ ಭಾವ. ಒಂಬತ್ತು ವರ್ಷ ಆಯ್ತು, ನಂಗೆ ಒಂದೂ ದೂರು ಬಂದಿಲ್ಲ. ಯುಗಾದಿಗೆ ಕೆಲಸ ಬಿಡ್ತೀನಿ. ಸ್ನೇಹಿತನ ಬಲ್ಬಿನ ಅಂಗಡೀಲಿ ಕೂತ್ರೆ, ಹತ್ತಲಿಲ್ಲ ಅಂತನಾದ್ರೂ ಯಾರಾದ್ರೂ ವಾಪಸ್ ಬರ್ತಾರೆ.” ಊಟ ಮಾಡದೆ ಹೋದ.

ನಾನು ಆ ಗುಮಾಸ್ತನನ್ನು ವಿಸ್ತಾರವಾಗಿ ಬಯ್ದೆ. ಹೆಂಡತಿ ಅಕ್ಕಿ ಆರಿಸುತ್ತ ತಲೆಯೆತ್ತದೆ ಹೇಳಿದಳು: “ಅವನನ್ನ ಬಯ್ಯೋಕೆ ನಿಮಗೇನು ಹಕ್ಕಿದೆ? ನಮ್ಮನೇಲೂ ಒಂದು ಹೊದ್ದು ಮಲಗಿದೆ.”

ನಿಜ. ಎರಡು ವರ್ಷದ ಹಿಂದೆ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದು, ನನ್ನ ಪುಸ್ತಕಗಳ ಪಟ್ಟಿಗೆಂದು ಅವನೇ ಒಂದು ಪ್ರೋಗ್ರಾಂ ಬರೆದು ಕೊಟ್ಟಿದ್ದ. “ನನಗೆ ನನ್ನ ಚೀಟಿಗಳೇ ಸಾಕು” ಎಂದು ನಾನು ಅದರ ಮೇಲೆ ಹಳೆಯ ಪಂಚೆ ಹೊದಿಸಿದ್ದೆ. ಕುಂಕುಮವನ್ನೂ ಇಟ್ಟಿರಲಿಲ್ಲ.

ದೀಪಾವಳಿ ಕಳೆದಿತ್ತು. ಪಂಚೆ ತೆಗೆದೆ. ಮೊಳೆ ಜೋಡಿಸಿದ ಎರಡು ಬೆರಳುಗಳಿಂದಲೇ ದಿನಕ್ಕೆ ಎಂಟೊಂಬತ್ತು ಪುಸ್ತಕ ಸೇರಿಸುತ್ತ ಹೋದೆ. ಯುಗಾದಿಗೆ ಇನ್ನು ಹತ್ತು ದಿನವಿದ್ದಾಗ ಯಂತ್ರ ಮೊಂಡು ಹಿಡಿಯಿತು. ಎಷ್ಟು ಒತ್ತಿದರೂ ಮುಂದಿನ ಪುಸ್ತಕವನ್ನು ಒಳಗೆ ಬಿಡದು. ಸಿಟ್ಟಿನಿಂದ ಅವನ ಕಚೇರಿಗೆ ಫೋನು ಮಾಡಿದೆ.

“ಏನಯ್ಯಾ ನಿನ್ನ ಪ್ರೋಗ್ರಾಮು? ಸಾವಿರನೇ ಪುಸ್ತಕ ತಗೊಳ್ತಾ ಇಲ್ಲ.”



“ಸಂಖ್ಯೆಗೆ ಮೂರೇ ಅಂಕಿ ಜಾಗ ಬಿಟ್ಟಿದ್ದೆ ಭಾವ. ಎರಡು ಕೋಣೆ ಮನೇಲಿ ಅದಕ್ಕಿಂತ ಹೆಚ್ಚು ಎಲ್ಲಿರುತ್ತೆ ಅಂತ.” ಆಮೇಲೆ ಕುರ್ಚಿ ಎಳೆದ ಸದ್ದು. “ಒಂಬೈನೂರ ತೊಂಬತ್ತೊಂಬತ್ತೂ ನೀವೇ ಹಾಕಿದ್ರಾ?”

ಅರ್ಧ ಗಂಟೆಯೊಳಗೆ ಮಟಮಟ ಮಧ್ಯಾಹ್ನ ಸ್ಕೂಟರ್ ಬಂತು. ಸದ್ದು ಕೇಳಿದ ಹೆಂಡತಿ ಅಭ್ಯಾಸಬಲದಿಂದ ಬಕೆಟ್ಟಿಗೆ ತಣ್ಣೀರು ಬಿಟ್ಟಳು.

“ನೀರು ನಿಲ್ಸಕ್ಕ. ಯಾರೂ ಹೋಗಿಲ್ಲ. ತಿನ್ನೋಕೆ ಏನಿದೆ?”

ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಸರಿಪಡಿಸಿದ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದ: “ಈಗ ಹತ್ತು ಸಾವಿರಕ್ಕೆ ಒಂದು ಕಮ್ಮಿ ಹಿಡಿಸುತ್ತೆ ಭಾವ. ಅದು ತುಂಬಿದ ದಿನ ಆಫೀಸಿನ ಇದೇ ನಂಬರಿಗೆ ದೂರು ಕೊಡಿ. ನಾನಲ್ಲೇ ಇರ್ತೀನಿ.”

ನನಗಾಗ ಅರವತ್ತೊಂಬತ್ತು. ಆಗಲಿ ಎಂದೆ. ಮನೆಯಲ್ಲಿ ಸೇರಿಸಲು ಉಳಿದದ್ದು ಹತ್ತಿಪ್ಪತ್ತು ಪುಸ್ತಕ; ವರ್ಷಕ್ಕೆಷ್ಟು ಹೊಸದು ಕೊಳ್ಳುತ್ತೇನೆಂದು ಇಬ್ಬರೂ ಗುಣಿಸಿ ನೋಡಲಿಲ್ಲ.