ಜೀಪಿನ ಟೈರಿಗೆ ಭತ್ತದ ಕಾಳಿನ ಪರೀಕ್ಷೆ

ಸಂಖ್ಯೆ: ವಾಶಾ/ಟೈರು/ಹಿಂದಿನ ಎಡ/ಸವೆತ/2024-25
ಸ್ಥಳ: ಕೊಪ್ಪಳ

ಸುತ್ತೋಲೆ

ವಿಷಯ: ಕಚೇರಿ ವಾಹನಗಳ ಟೈರುಗಳ ವಯಸ್ಸು ಹಾಗೂ ಸವೆತ ಪರಿಶೀಲಿಸುವ ಬಗ್ಗೆ.

ಉಲ್ಲೇಖ: 1) ಚಾಲಕ ಶ್ರೀ ಪಕ್ಕೀರಪ್ಪ ಅವರ ಮನವಿ. 2) ಅವರದೇ ಮನವಿ, ಮತ್ತೊಮ್ಮೆ. 3) ಅವರದೇ, ಕೈಮುಗಿದು.

ಕಚೇರಿ ಜೀಪಿನ ಹಿಂದಿನ ಎಡ ಟೈರು ಬೋಳಾಗಿದ್ದು, ಅದನ್ನು ಬದಲಿಸದೆ ಹೇಮಗುಡ್ಡದ ದಾರಿ ಹಿಡಿಯಲಾರೆನೆಂದು ಪಕ್ಕೀರಪ್ಪ ಅವರು ಉಲ್ಲೇಖಗಳಲ್ಲಿ ಕೋರಿರುತ್ತಾರೆ. "ನನಗೇನರ ಆದ್ರ ಮನ್ಯಾಗಿನ ಎರಡು ಎಮ್ಮಿ ಗತಿ ಏನ್ರಿ? ನನ್ನ ಕೈ ಬಿಟ್ರ ಯಾರಿಗೂ ಹಿಂಡಗೊಡಂಗಿಲ್ರಿ" ಎಂದು ಮೌಖಿಕವಾಗಿಯೂ ನಿವೇದಿಸಿರುತ್ತಾರೆ. ಎಮ್ಮೆಗಳು ಈ ಕಚೇರಿಯ ವ್ಯಾಪ್ತಿಗೆ ಬಾರದ ಕಾರಣ ಸದರಿ ಅಂಶವನ್ನು ಪರಿಗಣಿಸಿರುವುದಿಲ್ಲ. ಉಳಿದಂತೆ ಕೆಳಕಂಡ ಕ್ರಮಗಳನ್ನು ಪಾಲಿಸಲು ಈ ಮೂಲಕ ಸೂಚಿಸಲಾಗಿದೆ.

1. ಟೈರು ತಯಾರಾದ ವಾರ ಮತ್ತು ವರ್ಷ ಅದರ ಬದಿಯಲ್ಲೇ ಅಚ್ಚಾಗಿರುತ್ತದೆ. ಆದರೆ ಪ್ರತಿ ಆಯುಧಪೂಜೆಗೂ ಸಿಬ್ಬಂದಿ ಅದೇ ಜಾಗಕ್ಕೆ ಕರಿ ಬಣ್ಣ ಬಳಿದು, ಮೇಲೆ ವಿಭೂತಿ, ಕುಂಕುಮ ಹಚ್ಚಿರುವುದರಿಂದ ಸದರಿ ಟೈರಿನ ಜನ್ಮದಿನಾಂಕ ಲಭ್ಯವಿರುವುದಿಲ್ಲ. ಕೆರೆದು ನೋಡುವುದು ಅಪಚಾರವೆಂದು ಅಧೀಕ್ಷಕಿ ಶ್ರೀಮತಿ ಸುರೇಖಾ ಅವರು ತಕರಾರು ಎತ್ತಿದ್ದು, ಇನ್ನು ಮುಂದೆ ಮುಖಲಕ್ಷಣ ನೋಡಿ ವಯಸ್ಸು ನಿರ್ಧರಿಸತಕ್ಕದ್ದು.

2. ಸವೆತ ತಿಳಿಯಲು ಟೈರಿನ ಗೆರೆಯಲ್ಲಿ ಭತ್ತದ ಕಾಳೊಂದನ್ನು ನಿಲ್ಲಿಸತಕ್ಕದ್ದು. ಕಾಳು ಮುಳುಗಿದರೆ ಟೈರು ಯೋಗ್ಯ, ಇಣುಕಿದರೆ ಅಯೋಗ್ಯ.

3. ತಮ್ಮ ಕಡೆ ಭತ್ತ ಬೆಳೆಯುವುದಿಲ್ಲವೆಂದು ಕುಷ್ಟಗಿ, ಯಲಬುರ್ಗಾ ಕಚೇರಿಗಳು ಆಕ್ಷೇಪಿಸಿರುವುದರಿಂದ ಅಲ್ಲಿ ಭತ್ತಕ್ಕಿಂತ ಸಣ್ಣದಾದ ಸಜ್ಜೆ ಬಳಸತಕ್ಕದ್ದು. ಗಂಗಾವತಿಯಲ್ಲಿ ಭತ್ತಕ್ಕೆ ಅಯೋಗ್ಯವಾದ ಟೈರುಗಳು ಯಲಬುರ್ಗಾ ತಲುಪುತ್ತಲೇ ಯೋಗ್ಯವಾಗುತ್ತಿರುವುದು ಸಮಾಧಾನ ತಂದಿದೆ.

4. ಸಜ್ಜೆಯೂ ಇಣುಕಿದಲ್ಲಿ ಸಾಸಿವೆ. ಸಾಸಿವೆಯೂ ಇಣುಕಿದಲ್ಲಿ ಸಣ್ಣ ರವೆ. ಪರೀಕ್ಷೆಯ ಕಾಳನ್ನು ಕೋಳಿ ತಿಂದಲ್ಲಿ ಕೋಳಿಯ ಮಾಲೀಕರ ಹೇಳಿಕೆ ಪಡೆಯತಕ್ಕದ್ದು.

5. ಪಂಕ್ಚರ್ ಅಂಗಡಿಯ ಶ್ರೀ ದಾದೇಸಾಬ ಅವರು "ಇದ್ರಾಗ ಗೆರಿನ ಇಲ್ಲ, ಕಾಳು ಎಲ್ಲಿ ಇಡ್ತೀರಿ?" ಎಂದು ನಕ್ಕಿರುತ್ತಾರೆ. ನಗುವನ್ನು ಕಡತದಲ್ಲಿ ದಾಖಲಿಸಲಾಗಿದೆ.

6. ಗೆರೆಯೇ ಇಲ್ಲದ ಟೈರು ಇನ್ನು ಸವೆಯಲು ಸಾಧ್ಯವಿಲ್ಲವಾದ್ದರಿಂದ ಸದರಿ ಟೈರನ್ನು ಶಾಶ್ವತವಾಗಿ ಯೋಗ್ಯವೆಂದು ಘೋಷಿಸಲಾಗಿದೆ. ಪಕ್ಕೀರಪ್ಪ ಅವರು ಇಂದೇ ಅಧಿಕಾರಿಗಳನ್ನು ಹೇಮಗುಡ್ಡಕ್ಕೆ ಕರೆದೊಯ್ಯತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

ತಿದ್ದುಪಡಿ (ಸಹಿಗೆ ಮೊದಲೇ ಅಧಿಕಾರಿಗಳು ಸದರಿ ಜೀಪಿನಲ್ಲಿ ಹೇಮಗುಡ್ಡಕ್ಕೆ ಹೊರಟಿದ್ದಾಗ ದಾರಿಯಲ್ಲಿ ಸೇರಿಸಿದ್ದು): 6ನೇ ಅಂಶವನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ. ಟೈರು ಸಿಡಿದು ಜೀಪು ಗದ್ದೆಗೆ ಇಳಿದಿದ್ದು, ಪರೀಕ್ಷೆಗೆ ಬೇಕಾದಷ್ಟು ಭತ್ತ ಸುತ್ತಲೂ ಲಭ್ಯವಿರುತ್ತದೆ. ಟೈರು ಲಭ್ಯವಿರುವುದಿಲ್ಲ. "ಉಳದೇವ್ರಿ ಸಾಹೇಬ್ರ, ಮೊದಲ ಮ್ಯಾಲೆ ಏಳ್ರಿ" ಎಂದು ಪಕ್ಕೀರಪ್ಪ ಅವರು ಅಧಿಕಾರಿಗಳನ್ನು ಕೈಹಿಡಿದು ಎಬ್ಬಿಸಿರುತ್ತಾರೆ. ಕಚೇರಿಗೆ ಬಹಳ ಭಯವಾಗಿತ್ತು. ನಾಲ್ಕೂ ಹೊಸ ಟೈರುಗಳನ್ನು ಕಾಳಿಲ್ಲದೆ ಮಂಜೂರು ಮಾಡಲಾಗಿದೆ.

ಸಹಿ/-
(ಚಾಲಕರ ಬೆನ್ನ ಮೇಲೆ ಕಾಗದವಿಟ್ಟು)
ಅಧಿಕಾರಿಗಳು, ವಾಹನ ಶಾಖೆ

ಪ್ರತಿಗಳು:
1. ಶ್ರೀ ದಾದೇಸಾಬ, ಪಂಕ್ಚರ್ ಅಂಗಡಿ: ಬೇಗ ಬರಲು.
2. ಗದ್ದೆಯ ಮಾಲೀಕರು: ಸಿಟ್ಟಾಗದಿರಲು ಕೋರಿ.
3. ಕೋಳಿಯ ಮಾಲೀಕರು: ವಿಚಾರಣೆ ಕೈಬಿಡಲಾಗಿದೆ.
4. ಶ್ರೀಮತಿ ಹುಲಗೆಮ್ಮ, ಚಾಲಕರ ಪತ್ನಿ: ಅವರು ಇಂದು ತಡವಾಗಿ ಬರುವರು, ಆದರೆ ಬರುವರು ಎಂದು ಎಮ್ಮೆಗಳಿಗೆ ತಿಳಿಸಲು.